ಆಳಂದದ ಮಕ್ಕಳಿಗೆ ಚಳಿಗಾಲವೇ ಶಿಬಿರ

ಪ್ರತಿ ವರ್ಷ ಏಪ್ರಿಲ್ ಬಂತೆಂದರೆ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳ ವೇಳೆ ಬದಲಾಗುತ್ತದೆ. ಬೆಳಿಗ್ಗೆ ಎಂಟಕ್ಕೆ ತೆರೆದು ಮಧ್ಯಾಹ್ನ ಒಂದೂವರೆಗೆ ಮುಚ್ಚುತ್ತವೆ. ವಿಜಯಪುರ, ಬಾಗಲಕೋಟೆ ಜಿಲ್ಲೆಗಳಿಗೂ ಇದೇ ವೇಳೆ. ಮೇ ಮುಗಿಯುವವರೆಗೆ ಈ ಏರ್ಪಾಡು. ಮಧ್ಯಾಹ್ನದ ಬಿಸಿಲಿನಲ್ಲಿ ಜನ ಓಡಾಡುವುದು ಸರಿಯಲ್ಲ ಎಂದು ಸರ್ಕಾರವೇ ಒಪ್ಪಿಕೊಂಡಿರುವ ಎರಡು ತಿಂಗಳು ಇವು. ಮಕ್ಕಳಿಗೆ ನಾವು ಶಿಬಿರ ಇಡುವುದೂ ಇದೇ ಎರಡು ತಿಂಗಳಲ್ಲಿ. ಪರಿಸರದ ಪರಿಚಯ, ಹಕ್ಕಿ ನೋಡುವುದು, ಗಿಡಗಳ ಹೆಸರು ಕಲಿಯುವುದು ಎಲ್ಲವೂ ಬೇಸಿಗೆ ಶಿಬಿರದ ಪಟ್ಟಿಯಲ್ಲಿರುತ್ತವೆ. ಆಗ ಆಳಂದ, ಅಫಜಲಪುರ, ಜೇವರ್ಗಿಯ ಹೊಲಗಳಲ್ಲಿ ನೋಡಲು ಏನಿದೆ? ಜೋಳ ಕೊಯ್ದು ಆಗಿದೆ, ಕಡಲೆ ಕಿತ್ತು ಆಗಿದೆ, ವಲಸೆ ಬಂದ ಹಕ್ಕಿಗಳು ಹೊರಟು ಹೋಗಿವೆ, ಎರಿಭೂಮಿ ಬಾಯಿ ಬಿಟ್ಟಿದೆ. ಮಕ್ಕಳು ಸಭಾಭವನದೊಳಗೆ ಕೂತು ಕಾಗದದ ಹಕ್ಕಿ ಮಾಡುತ್ತಾರೆ.

ಬೇಸಿಗೆ ಶಿಬಿರ ಮೈಸೂರಿನ ಹವೆಗೆ ಒಪ್ಪಬಹುದು, ಮಲೆನಾಡಿಗೆ ಚೆನ್ನಾಗಿಯೇ ಒಪ್ಪುತ್ತದೆ. ಅದನ್ನು ಇದ್ದ ಹಾಗೆಯೇ ಕಲ್ಯಾಣ ಕರ್ನಾಟಕಕ್ಕೆ ತಂದು ಹಚ್ಚಿರುವುದು ಸರಿಯಿಲ್ಲ. ಇಲ್ಲಿ ಮಕ್ಕಳನ್ನು ಹೊರಗೆ ಕರೆದೊಯ್ಯಬೇಕಾದ ಕಾಲ ದೀಪಾವಳಿಯಿಂದ ಶಿವರಾತ್ರಿಯವರೆಗಿನ ಚಳಿಗಾಲ. ಡಿಸೆಂಬರಿನಲ್ಲಿ ರಾತ್ರಿಯ ಉಷ್ಣಾಂಶ 15 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ, ಹಗಲು ಬಹುಮಟ್ಟಿಗೆ 30ರ ಒಳಗೇ ಇರುತ್ತದೆ. ಮಳೆಯಿಲ್ಲ, ಕೆಸರಿಲ್ಲ. ಹೊಲದಲ್ಲಿ ಹಿಂಗಾರಿ ಜೋಳ, ತೊಗರಿ, ಕಡಲೆ, ಕುಸುಬೆ, ಅಗಸೆ ಒಟ್ಟಿಗೆ ನಿಂತಿರುತ್ತವೆ. ಹೊಸದಾಗಿ ಯಾರೂ ಏನನ್ನೂ ಕಂಡುಹಿಡಿಯಬೇಕಾಗಿಯೂ ಇಲ್ಲ. ಇಡೀ ಮನೆಮಂದಿ, ತೊಟ್ಟಿಲ ಕೂಸಿನಿಂದ ಕೋಲೂರುವ ಅಜ್ಜಿಯವರೆಗೆ, ಚಳಿಗಾಲದ ಒಂದು ಹಗಲನ್ನು ಪೂರ್ತಿ ಬಯಲಲ್ಲಿ ಕಳೆಯುವ ಪದ್ಧತಿ ಇಲ್ಲಿ ಆಗಲೇ ಇದೆ. ಅದೇ ಎಳ್ಳಮಾವಾಸ್ಯೆ.

ತಣ್ಣನೆಯ ದೇಶಗಳಲ್ಲಿ ಚಳಿಗಾಲದ ಹೊರಾಂಗಣ ಕಾರ್ಯಕ್ರಮಗಳೆಂದರೆ ಚಳಿಯನ್ನು ಗೆಲ್ಲುವ ಪ್ರಯತ್ನ. ಡೆನ್ಮಾರ್ಕಿನಲ್ಲಿ 1950ರ ದಶಕದಲ್ಲಿ ಕಾಡಿನ ಶಿಶುವಿಹಾರಗಳು ಶುರುವಾದವು. ಹಿಮ ಬೀಳುವಾಗಲೂ ಮಕ್ಕಳನ್ನು ಬೆಚ್ಚಗೆ ಸುತ್ತಿ ಮರಗಳ ನಡುವೆ ಆಡಲು ಬಿಡುವ ಪದ್ಧತಿ ಅಲ್ಲಿಂದ ಜರ್ಮನಿಗೂ ಬೇರೆ ದೇಶಗಳಿಗೂ ಹಬ್ಬಿತು. ಅಲ್ಲಿನ ಉದ್ಯಾನಗಳು ಕುಟುಂಬಗಳಿಗೆಂದೇ ಚಳಿಗಾಲದ ನಡಿಗೆ, ಹೆಜ್ಜೆಗುರುತು ಹುಡುಕುವ ಆಟ, ಹಕ್ಕಿ ಎಣಿಕೆ ಏರ್ಪಡಿಸುತ್ತವೆ. ಚಳಿಗೆ ಹೆದರಿ ಮನೆ ಹಿಡಿದು ಕೂರಬಾರದು ಎಂಬ ಕಾಳಜಿ ಅದರ ಹಿಂದಿದೆ. ನಮ್ಮಲ್ಲಿ ಮನೆ ಹಿಡಿಸುವ ಋತು ಬೇಸಿಗೆ. ಅವರಿಗೆ ಜೂನ್ ಇದ್ದಂತೆ ನಮಗೆ ಡಿಸೆಂಬರ್. ಈ ಲೆಕ್ಕ ತಲೆಗೆ ಹತ್ತಿದರೆ ಉಳಿದದ್ದು ಸುಲಭ.

ಮಾರ್ಗಶಿರದ ಅಮಾವಾಸ್ಯೆಯೇ ಎಳ್ಳಮಾವಾಸ್ಯೆ. ಅಂದು ಆಳಂದ ತಾಲ್ಲೂಕಿನ ಸರಸಂಬಾದ ಸುತ್ತಲಿನ ಊರುಗಳಲ್ಲಿ, ಇಡೀ ಕಲಬುರಗಿ, ಬೀದರ, ವಿಜಯಪುರ ಸೀಮೆಯಲ್ಲಿ, ಊರು ಖಾಲಿ, ಹೊಲ ತುಂಬ ಜನ. ಗಡಿಯಾಚೆಯ ಸೋಲಾಪುರ, ಧಾರಾಶಿವ, ಲಾತೂರ ಜಿಲ್ಲೆಗಳಲ್ಲಿ ಇದೇ ದಿನ ವೇಳ ಅಮಾವಾಸ್ಯೆ. ಭಾಷೆ ಬೇರೆಯಾದರೂ ಮಣ್ಣು ಒಂದೇ, ಬೆಳೆ ಒಂದೇ, ಹಬ್ಬವೂ ಒಂದೇ. ಮೊದಲು ಎತ್ತಿನ ಬಂಡಿ ಕಟ್ಟಿಕೊಂಡು ಹೋಗುತ್ತಿದ್ದರು, ಈಗ ಟ್ರ್ಯಾಕ್ಟರು, ಆಟೊ, ಬೈಕು. ಹೊಲ ಮುಟ್ಟಿದ ಮೇಲೆ ಬನ್ನಿಗಿಡದ ಬುಡದಲ್ಲೋ ಜೋಳದ ಸಾಲಿನ ನಡುವೆಯೋ ಐದು ಕಲ್ಲು ಇಟ್ಟು, ಸುಣ್ಣ ಹಚ್ಚಿ, ಪಾಂಡವರೆಂದು ಪೂಜೆ ಮಾಡುತ್ತಾರೆ. ತಂದ ಅಡಿಗೆಯಲ್ಲಿ ಎಲ್ಲದರ ಒಂದಿಷ್ಟು ಕೂಡಿಸಿ ಚರಗ ಮಾಡಿಕೊಂಡು ಹೊಲದ ನಾಲ್ಕೂ ದಿಕ್ಕಿಗೆ ಚೆಲ್ಲುತ್ತಾರೆ. ಒಬ್ಬರು ಮುಂದೆ ಚರಗ ಚೆಲ್ಲುತ್ತ, ಇನ್ನೊಬ್ಬರು ಹಿಂದೆ ನೀರು ಚಿಮುಕಿಸುತ್ತ, ಕೂಗು ಹಾಕುತ್ತ ಹೊಲ ಸುತ್ತುತ್ತಾರೆ. ಆಮೇಲೆ ಊಟ.

ಇಷ್ಟನ್ನು ಊರಿನವರಿಗೆ ಹೇಳಬೇಕಾಗಿಲ್ಲ. ಆದರೆ ಈ ಪದ್ಧತಿಯೊಳಗೆ ಮಕ್ಕಳ ಕಲಿಕೆಗೆ ಎಷ್ಟು ಅನುಕೂಲವಿದೆ ಎಂಬುದನ್ನು ನಿಧಾನವಾಗಿ ಬಿಚ್ಚಿ ನೋಡಬೇಕು. ಹೊಲ ಸುತ್ತುವುದನ್ನೇ ತೆಗೆದುಕೊಳ್ಳಿ. ಬದುವಿನ ಗುಂಟ ಪೂರ್ತಿ ಒಂದು ಸುತ್ತು ಬಂದ ಮಗುವಿಗೆ ತನ್ನ ಹೊಲದ ಆಕಾರ ತಿಳಿಯುತ್ತದೆ. ಯಾವ ಮೂಲೆಯಲ್ಲಿ ಬೆಳೆ ಎತ್ತರ, ಯಾವ ಮೂಲೆಯಲ್ಲಿ ಗಿಡ್ಡ, ಮಳೆಗಾಲದಲ್ಲಿ ನೀರು ಎತ್ತ ಹರಿದು ಮಣ್ಣು ಕೊಚ್ಚಿದೆ, ಪಕ್ಕದ ಹೊಲದವರು ಏನು ಬಿತ್ತಿದ್ದಾರೆ ಎಲ್ಲ ಕಣ್ಣಿಗೆ ಬೀಳುತ್ತದೆ. ಭೂಗೋಳದ ಪಾಠಕ್ಕೆ ನಕ್ಷೆ ಬರೆಯಲು ಹೇಳುವ ಶಿಕ್ಷಕರು ಈ ಸುತ್ತನ್ನೇ ನಕ್ಷೆಯಾಗಿ ಬರೆಸಿದರೆ ಸಾಕು.

ಇನ್ನು ಭಜ್ಜಿ. ಹೊರಗಿನವರು ಭಜ್ಜಿ ಎಂದರೆ ಎಣ್ಣೆಯಲ್ಲಿ ಕರಿದದ್ದು ಎಂದುಕೊಳ್ಳುತ್ತಾರೆ. ಇಲ್ಲಿಯದು ಹಸಿ ತೊಗರಿಕಾಳು, ಹಸಿ ಕಡಲೆ, ಅವರೆ, ಬಟಾಣಿ, ಮೆಂತ್ಯ, ಪಾಲಕ, ಪುಂಡಿ, ಗಜ್ಜರಿ, ಉಳ್ಳಾಗಡ್ಡಿ ತಪ್ಪಲು, ಬದನೆಕಾಯಿ ಎಲ್ಲ ಕೂಡಿಸಿ, ಹುಣಸೆ ಹುಳಿ ಹಿಂಡಿ, ಕಡಲೆಹಿಟ್ಟು ಕಲಸಿ ಕುದಿಸಿದ ದಪ್ಪನೆಯ ಪಲ್ಯ. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ಅದಕ್ಕೆ ಜೋಡಿ. ಆ ವಾರ ಹೊಲ ಮತ್ತು ತೋಟ ಏನು ಕೊಡುತ್ತಿವೆ ಎಂಬುದರ ಪಟ್ಟಿಯೇ ಭಜ್ಜಿ. ಹಿಂದಿನ ದಿನ ಕಾಳು ಬಿಡಿಸಲು, ಸೊಪ್ಪು ಸೋಸಲು ಕೂತ ಮಗು ಹತ್ತು ಹದಿನೈದು ಗಿಡಗಳನ್ನು ಕೈಯಿಂದಲೇ ಗುರುತಿಸುತ್ತದೆ. ಯಾವುದರ ಕಾಯಿಯಲ್ಲಿ ಎಷ್ಟು ಕಾಳು, ಯಾವುದರ ಎಲೆ ಹುಳಿ, ಯಾವುದರ ಸಿಪ್ಪೆಗೆ ಅಂಟು ಎಂಬುದು ಪುಸ್ತಕದಿಂದ ಬರುವ ತಿಳಿವಳಿಕೆ ಅಲ್ಲ. ಕಡಲೆಗಿಡ ಮುಟ್ಟಿದ ಬೆರಳು ನೆಕ್ಕಿದರೆ ಹುಳಿ ಹತ್ತುತ್ತದೆ. ಅದರ ಎಲೆಯ ಸಣ್ಣ ರೋಮಗಳು ಆಮ್ಲ ಸ್ರವಿಸುವುದರಿಂದ ಹಾಗೆ. ಇದನ್ನು ಒಮ್ಮೆ ನೆಕ್ಕಿ ನೋಡಿದ ಮಗು ಮರೆಯುವುದಿಲ್ಲ.

ಹಬ್ಬದ ದಿನಾಂಕವೂ ಒಂದು ಪಾಠವೇ. ಅದು ಚಂದ್ರನ ಲೆಕ್ಕದ ಹಬ್ಬವಾದ್ದರಿಂದ ಇಂಗ್ಲಿಷ್ ಕ್ಯಾಲೆಂಡರಿನಲ್ಲಿ ಹಿಂದೆ ಮುಂದೆ ಸರಿಯುತ್ತಿರುತ್ತದೆ. 2024ರಲ್ಲಿ ಜನವರಿ 11ಕ್ಕೆ ಒಮ್ಮೆ, ಡಿಸೆಂಬರ್ 30ಕ್ಕೆ ಮತ್ತೊಮ್ಮೆ ಎಳ್ಳಮಾವಾಸ್ಯೆ ಬಂತು. 2025ರಲ್ಲಿ ಡಿಸೆಂಬರ್ 19ಕ್ಕೇ ಬಂತು. 2026ರಲ್ಲಿ ಅಧಿಕ ಜ್ಯೇಷ್ಠ ಸೇರುವುದರಿಂದ ಆ ಸಾಲಿನ ಹಬ್ಬ 2027ರ ಜನವರಿ 7ಕ್ಕೆ ಹೋಗುತ್ತದೆ. ಬೆಳೆ ಮಾತ್ರ ಸೂರ್ಯನನ್ನೂ ಮಳೆಯನ್ನೂ ಅನುಸರಿಸುತ್ತದೆ. ಹೀಗಾಗಿ ಒಂದು ವರ್ಷ ಎಳ್ಳಮಾವಾಸ್ಯೆಗೆ ಜೋಳ ಇನ್ನೂ ಹೊಡೆಯಲ್ಲಿದ್ದರೆ ಮತ್ತೊಂದು ವರ್ಷ ತೆನೆಯಲ್ಲಿ ಹಾಲು ತುಂಬಿರುತ್ತದೆ. ಹೊಡೆ ತುಂಬಿದ ಪೈರನ್ನು ಬಸುರಿ ಎಂದು ಬಗೆದು ಭೂಮಿಗೆ ಬಯಕೆಯ ಊಟ ಬಡಿಸುವುದೇ ಹಬ್ಬದ ಹುರುಳು. ಪ್ರತಿ ವರ್ಷ ಆ ದಿನ ಒಂದು ಜೋಳದ ಗಿಡದ ಎತ್ತರ ಅಳೆದು, ತೆನೆ ಯಾವ ಹಂತದಲ್ಲಿದೆ ಎಂದು ಬರೆದಿಟ್ಟರೆ ಐದಾರು ವರ್ಷಕ್ಕೆ ಮನೆಯಲ್ಲೇ ಒಂದು ಒಳ್ಳೆಯ ದಾಖಲೆ ಸಿದ್ಧವಾಗುತ್ತದೆ. ಅಜ್ಜ ಬಾಯಲ್ಲಿ ಹೇಳುವುದನ್ನು ಮೊಮ್ಮಗಳು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಂತೆ ಆಗುತ್ತದೆ.

ಜೋಳದ ವಿಷಯದಲ್ಲಿ ಮಕ್ಕಳು ಕೇಳಲೇಬೇಕಾದ ಒಂದು ಪ್ರಶ್ನೆ ಇದೆ. ಅಕ್ಟೋಬರಿನ ನಂತರ ಮಳೆ ಇಲ್ಲ, ಬಹಳಷ್ಟು ಹೊಲಗಳಿಗೆ ನೀರಾವರಿ ಇಲ್ಲ, ಆದರೂ ಆಳೆತ್ತರದ ಜೋಳ ಜನವರಿಯವರೆಗೆ ಹೇಗೆ ಹಸಿರಾಗಿ ನಿಲ್ಲುತ್ತದೆ? ಉತ್ತರ ಕಾಲ ಕೆಳಗಿದೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖನ್ನಿನ ಮೇಲೆ ಲಾವಾ ಹರಿದು, ಪದರ ಪದರವಾಗಿ ಆರಿ ಕಪ್ಪುಕಲ್ಲಾಯಿತು. ಆ ಕಲ್ಲು ಕರಗಿ ಆದದ್ದೇ ಆಳಂದದ ಎರಿಮಣ್ಣು. ಇದರ ಜೇಡಿಯ ಕಣಗಳು ಪುಸ್ತಕದ ಹಾಳೆಗಳಂತೆ ತೆಳುವಾದ ಪದರಗಳಿಂದ ಆದವು. ಮಳೆ ಬಂದಾಗ ನೀರು ಪದರಗಳ ನಡುವೆ ನುಗ್ಗಿ ಮಣ್ಣು ಉಬ್ಬುತ್ತದೆ, ಆರಿದಾಗ ಕುಗ್ಗಿ ಬಿರುಕು ಬಿಡುತ್ತದೆ. ಹಿಂಗಾರಿನಲ್ಲಿ ನೀರು ಕುಡಿದ ಮಣ್ಣು ಅದನ್ನು ತಿಂಗಳುಗಟ್ಟಲೆ ಹಿಡಿದಿಟ್ಟು ಬೇರಿಗೆ ಕೊಂಚ ಕೊಂಚವೇ ಬಿಡುತ್ತದೆ. ಮೇಲ್ಪದರ ಆರಿ ಬಿರಿಯತೊಡಗಿದಾಗ ರೈತರು ಸಾಲಿನ ನಡುವೆ ಕುಂಟೆ ಹೊಡೆಯುವುದು ಕಳೆ ತೆಗೆಯುವುದಕ್ಕಷ್ಟೇ ಅಲ್ಲ. ಬಿರುಕಿನ ಬಾಯಿ ಮುಚ್ಚಿ ಒಳಗಿನ ತೇವ ಆವಿಯಾಗದಂತೆ ತಡೆಯುವುದಕ್ಕೂ ಹೌದು. ಮಗುವಿನ ಕೈಗೆ ಒಂದು ಜೋಳದ ದಂಟು ಕೊಟ್ಟು, ಕುಂಟೆ ಹೊಡೆದ ಕಡೆ ಬಿರುಕು ಎಷ್ಟು ಆಳ, ಹೊಡೆಯದ ಕಡೆ ಎಷ್ಟು ಆಳ ಅಳೆಯಲು ಹೇಳಿ. ಕಾಸು ಖರ್ಚಿಲ್ಲದ ಪ್ರಯೋಗ, ಫಲಿತಾಂಶ ಅಲ್ಲೇ ಕಾಣುತ್ತದೆ. ಹೊಲದಲ್ಲಿ ಸಿಗುವ ಮಿನುಗುವ ಬಿಳಿ ಹರಳುಗಳೂ ಅದೇ ಲಾವಾದ ಗುಳ್ಳೆಗಳಲ್ಲಿ ಬೆಳೆದವು ಎಂದು ಹೇಳಿದರೆ ಮಕ್ಕಳು ಕಿಸೆ ತುಂಬ ಆರಿಸಿಕೊಳ್ಳುತ್ತಾರೆ.

ಈ ಸೀಮೆಯ ಬಿಳಿಜೋಳದಲ್ಲಿ ಹೆಸರಾದ ಮಾಲದಂಡಿ ತಳಿ ಕೂಡ ಇಂಥ ಮಣ್ಣಿನದೇ ಮಗಳು. ಸೋಲಾಪುರ ಜಿಲ್ಲೆಯ ಮೊಹೋಳದಲ್ಲಿ 1930ರ ದಶಕದಲ್ಲಿ ಆಯ್ದ ಎಂ 35-1 ಇಂದಿಗೂ ಹಿಂಗಾರಿಯಲ್ಲಿ ಬಿತ್ತನೆಯಾಗುತ್ತಿದೆ. ತೊಗರಿಯ ಮಾತು ಬೇರೆ ಹೇಳಬೇಕಾಗಿಲ್ಲ. ಕಲಬುರಗಿಯ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಸಿಕ್ಕಿತು. ಒಂದು ಕಡಲೆಗಿಡವನ್ನು ಬೇರುಸಮೇತ ಮೆಲ್ಲಗೆ ಕಿತ್ತು ಮಣ್ಣು ಕೊಡವಿ ನೋಡಿದರೆ ಬೇರಿನಲ್ಲಿ ಸಣ್ಣ ಗಂಟುಗಳು ಕಾಣುತ್ತವೆ. ಉಗುರಿನಿಂದ ಸೀಳಿದಾಗ ಒಳಗೆ ಗುಲಾಬಿ ಬಣ್ಣವಿದ್ದರೆ ಅಲ್ಲಿನ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಗೊಬ್ಬರವಾಗಿ ಮಾರ್ಪಡಿಸುತ್ತಿವೆ ಎಂದು ಅರ್ಥ. ಹಸಿರು ಬಣ್ಣವಿದ್ದರೆ ಆ ಗಂಟಿನ ಕೆಲಸ ಮುಗಿದಿದೆ. ಶಾಲೆಯಲ್ಲಿ ಸಾರಜನಕ ಚಕ್ರದ ಚಿತ್ರ ಬಾಯಿಪಾಠ ಮಾಡುವ ಮಗುವಿಗೆ ಇದನ್ನು ಯಾರಾದರೂ ತೋರಿಸಿದ್ದಾರೆಯೇ?

ಚರಗದ ಬಗ್ಗೆ ಒಂದು ವಿವರಣೆ ಆಗಾಗ ಕೇಳಿಬರುತ್ತದೆ. ಚೆಲ್ಲಿದ ಅನ್ನಕ್ಕೆ ಹಕ್ಕಿಗಳು ಬರುತ್ತವೆ, ಬಂದ ಹಕ್ಕಿಗಳು ತೊಗರಿಯ ಕಾಯಿಕೊರಕ ಕೀಡಿಯನ್ನು ತಿನ್ನುತ್ತವೆ, ಆದ್ದರಿಂದ ಹಿರಿಯರು ಈ ಪದ್ಧತಿ ಮಾಡಿದರು ಎಂದು. ಒಂದು ದಿನದ ಚರಗದಿಂದ ಕೀಡಿ ಹತೋಟಿಗೆ ಬರುತ್ತದೆ ಎಂದು ನಂಬುವುದು ಕಷ್ಟ, ಹಬ್ಬಕ್ಕೆ ಅಂಥ ಸಮರ್ಥನೆ ಬೇಕಾಗಿಯೂ ಇಲ್ಲ. ಆದರೆ ಹಕ್ಕಿಗೂ ಕೀಡಿಗೂ ಇರುವ ನಂಟು ನಿಜ. ಹೊಲದಲ್ಲಿ ಅಲ್ಲಲ್ಲಿ ಕವಲುಕೋಲು ನೆಟ್ಟು ಕಾಜಾಣ, ಗೊರವಂಕ ಕೂರಲು ಅನುವು ಮಾಡಿಕೊಡುವುದನ್ನು ಕೃಷಿ ಇಲಾಖೆಯೂ ಹೇಳುತ್ತದೆ. ತೊಗರಿಗಿಡ ಅಲ್ಲಾಡಿಸಿ ಕೀಡಿ ಉದುರಿಸಿ ಬಟ್ಟೆಯಲ್ಲಿ ಹಿಡಿಯುವುದು ಕಲಬುರಗಿಯ ರೈತರ ಹಳೆಯ ಕೆಲಸ. ಕೋಲಿನ ಮೇಲೆ ಕೂತ ಕಾಜಾಣ ಅರ್ಧ ತಾಸಿನಲ್ಲಿ ಎಷ್ಟು ಸಲ ಹಾರಿ ಹುಳ ಹಿಡಿಯಿತು ಎಂದು ಎಣಿಸುವ ಕೆಲಸವನ್ನು ಮಗುವಿಗೆ ವಹಿಸಿದರೆ, ಅದು ಅಲುಗಾಡದೆ ಕೂತು ಎಣಿಸುತ್ತದೆ.

ಹಕ್ಕಿಗಳ ಮಟ್ಟಿಗೆ ಚಳಿಗಾಲ ಈ ಬಯಲಿಗೆ ದೂರದ ನೆಂಟರನ್ನು ಕರೆತರುತ್ತದೆ. ಜೋಳದ ಹೊಲದ ಮೇಲೆ ಮೋಡದಂತೆ ಸುಳಿದಾಡುವ ಗುಲಾಬಿ ಕಬ್ಬಕ್ಕಿಗಳು ಮರಿ ಮಾಡುವುದು ಮಧ್ಯ ಏಷ್ಯಾದಲ್ಲಿ. ಅಲ್ಲಿ ಅವು ಮಿಡತೆ ತಿನ್ನುವುದರಿಂದ ಚೀನಾದ ಷಿಂಜಿಯಾಂಗಿನಲ್ಲಿ ಅವುಗಳಿಗೆ ಗೂಡು ಕಟ್ಟಲು ಜಾಗ ಮಾಡಿಕೊಡುತ್ತಾರೆ. ಇಲ್ಲಿ ನಮ್ಮ ತೆನೆ ತಿನ್ನುತ್ತವೆ, ಹಾಗಾಗಿ ಕವಣಿ ಬೀಸುತ್ತೇವೆ. ಒಂದೇ ಹಕ್ಕಿ ಅಲ್ಲಿ ಮಿತ್ರ, ಇಲ್ಲಿ ಕಳ್ಳ. ಪ್ರಕೃತಿಯಲ್ಲಿ ಒಳ್ಳೆಯದು ಕೆಟ್ಟದ್ದು ಎಂಬುದು ನಾವು ನಿಂತ ಜಾಗದ ಮೇಲೆ ಇದೆ ಎಂಬುದು ಎಂಟು ವರ್ಷದ ಮಗುವಿಗೂ ಇದರಿಂದ ಅರ್ಥವಾಗುತ್ತದೆ. ಬೆಳೆಯ ಮೇಲೆ ತಗ್ಗಿನಲ್ಲಿ ತೇಲುತ್ತ ಹೋಗುವ ಸೆಳೆವ ಎಂಬ ಬೇಟೆಹಕ್ಕಿಗಳಲ್ಲಿ ಕೆಲವು ಕಜಕಸ್ತಾನದ ಹುಲ್ಲುಗಾವಲಿನಿಂದ ಬಂದವು. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಹಿಮಾಲಯ ದಾಟಿ ಪಟ್ಟೆತಲೆ ಬಾತುಗಳು ಬರುತ್ತವೆ, ಆ ಕೆರೆಗೆ 2024ರಲ್ಲಿ ರಾಮ್ಸಾರ್ ಮಾನ್ಯತೆ ದೊರೆಯಿತು. ಅಷ್ಟು ದೂರ ಹೋಗಬೇಕಾಗಿಲ್ಲ. ಆಳಂದ ತಾಲ್ಲೂಕಿನ ಕೊರಳ್ಳಿ ಹತ್ತಿರ ಅಮರ್ಜಾ ಜಲಾಶಯವಿದೆ. ಗಾಣಗಾಪುರದ ಹತ್ತಿರ ಭೀಮೆ ಸೇರುವ ಇದೇ ಅಮರ್ಜೆಯ ನೀರು ಜನವರಿಯಲ್ಲಿ ತಿಳಿಯಾಗಿ ನಿಂತಿರುತ್ತದೆ. ಜನವರಿಯಲ್ಲಿ ಏಷ್ಯಾದಾದ್ಯಂತ ನೀರಹಕ್ಕಿಗಳ ಎಣಿಕೆ 1987ರಿಂದ ನಡೆದುಬಂದಿದೆ, ಸ್ವಯಂಪ್ರೇರಿತರಾಗಿ ಯಾರು ಬೇಕಾದರೂ ಸೇರಬಹುದು. ಕಡಗಂಚಿಯಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯವಿದೆ. ಅಲ್ಲಿನ ವಿದ್ಯಾರ್ಥಿಗಳು ದುರ್ಬೀನು ಹಿಡಿದು ಊರಿನ ನಾಲ್ಕಾರು ಕುಟುಂಬಗಳೊಂದಿಗೆ ಒಂದು ಬೆಳಿಗ್ಗೆ ಜಲಾಶಯದ ದಂಡೆಗೆ ಹೋದರೆ ಇಬ್ಬರಿಗೂ ಲಾಭ.

ಕಣ್ಣಿನ ಮಾತನ್ನೂ ಇಲ್ಲಿ ಹೇಳಬೇಕು, ಏಕೆಂದರೆ ಹೊರಗೆ ಆಡುವುದು ಸಮಯ ಕಳೆಯುವ ಕೆಲಸ ಎಂದು ಭಾವಿಸುವ ತಂದೆತಾಯಿಗಳಿಗೆ ಇದು ಬೇಗ ಮನಸ್ಸಿಗೆ ಹತ್ತುತ್ತದೆ. ದೂರದ್ದು ಮಸುಕಾಗಿ ಕಾಣುವ ಸಮೀಪದೃಷ್ಟಿ ದೋಷ ಏಷ್ಯಾದ ಶಾಲಾಮಕ್ಕಳಲ್ಲಿ ಹೆಚ್ಚುತ್ತಿದೆ. ಚೀನಾದ ಗ್ವಾಂಗ್‌ಝೌ ನಗರದ 12 ಶಾಲೆಗಳಲ್ಲಿ ಒಂದನೆಯ ತರಗತಿಯ ಮಕ್ಕಳ ಮೇಲೆ ಒಂದು ಅಧ್ಯಯನ ನಡೆಯಿತು. ಅರ್ಧದಷ್ಟು ಶಾಲೆಗಳಲ್ಲಿ ದಿನಕ್ಕೆ 40 ನಿಮಿಷ ಹೆಚ್ಚಿಗೆ ಹೊರಗೆ ಬಿಟ್ಟರು. 2015ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಮೂರು ವರ್ಷಗಳಲ್ಲಿ ಹೊರಗೆ ಬಿಟ್ಟ ಮಕ್ಕಳಲ್ಲಿ ಶೇ 30.4ರಷ್ಟು ಮಂದಿಗೆ ಈ ದೋಷ ಬಂದಿತ್ತು, ಬಿಡದವರಲ್ಲಿ ಶೇ 39.5ರಷ್ಟು ಮಂದಿಗೆ. ಪ್ರಖರ ಬೆಳಕು ಅಕ್ಷಿಪಟಲದಲ್ಲಿ ಡೋಪಮೈನ್ ಎಂಬ ರಾಸಾಯನಿಕವನ್ನು ಹೆಚ್ಚಿಸಿ ಕಣ್ಣುಗುಡ್ಡೆ ಅತಿಯಾಗಿ ಉದ್ದವಾಗದಂತೆ ತಡೆಯುತ್ತದೆ ಎಂಬುದು ತಜ್ಞರು ಹೆಚ್ಚಾಗಿ ಒಪ್ಪುವ ವಿವರಣೆ. ಮನೆಯೊಳಗಿನ ಬೆಳಕು ಕೆಲವು ನೂರು ಲಕ್ಸ್ ಇದ್ದರೆ, ಮರದ ನೆರಳಲ್ಲೂ ಹಲವು ಸಾವಿರ ಲಕ್ಸ್ ಇರುತ್ತದೆ. ಅಂದರೆ ಬಿಸಿಲಿಗೆ ಮುಖ ಒಡ್ಡಬೇಕಾಗಿಲ್ಲ, ಬೇವಿನ ನೆರಳಿನ ಕೆಳಗೆ ಆಡಿದರೂ ಆದೀತು. ಆದರೆ ದಿನವೂ ಆಡಬೇಕು. ವರ್ಷಕ್ಕೊಂದು ಅಮಾವಾಸ್ಯೆಯಿಂದ ಕಣ್ಣಿಗೆ ಏನೂ ಆಗದು.

ಹಬ್ಬದ ಒಂದು ದಿನವನ್ನು ಚಳಿಗಾಲದ ಹಲವು ಭಾನುವಾರಗಳಿಗೆ ಹರಡುವುದು ಈಗ ಆಗಬೇಕಾದ ಕೆಲಸ. ಸೀತನಿ ಅದಕ್ಕೆ ಒಳ್ಳೆಯ ನೆಪ. ಜೋಳದ ಕಾಳು ಹಾಲು ತುಂಬಿ ಇನ್ನೂ ಗಟ್ಟಿಯಾಗದ ಹೊತ್ತಿನಲ್ಲಿ ಅದರಲ್ಲಿ ಸಕ್ಕರೆ ಹೆಚ್ಚು, ಪಿಷ್ಟ ಕಡಿಮೆ. ಆಗ ತೆನೆ ಕೊಯ್ದು, ಕುಳ್ಳಿನ ಕೆಂಡದಲ್ಲಿ ಸುಟ್ಟು, ಅಂಗೈಯಲ್ಲಿ ಉಜ್ಜಿ, ಊದಿ ತಿಂದರೆ ಸಿಹಿ. ಒಂದು ಹೊಲದಲ್ಲಿ ಈ ಹದ ಕೆಲವೇ ದಿನ ಇರುತ್ತದೆ, ಆಮೇಲೆ ಸಕ್ಕರೆ ಪಿಷ್ಟವಾಗಿ ಕಾಳು ಬಲಿಯುತ್ತದೆ. ಹದ ನೋಡಲು ಮಗು ದಿನಬಿಟ್ಟು ದಿನ ಹೊಲಕ್ಕೆ ಹೋಗಿ ಕಾಳು ಹಿಚುಕಬೇಕಾಗುತ್ತದೆ. ಗಡಿಯಾಚೆ ಇದನ್ನೇ ಹುರಡಾ ಎಂದು ಕರೆದು, ಪುಣೆ, ಸೋಲಾಪುರದ ಕುಟುಂಬಗಳನ್ನು ದುಡ್ಡು ಪಡೆದು ಹೊಲಕ್ಕೆ ಕರೆಸಿಕೊಳ್ಳುವ ಕೃಷಿ ಪ್ರವಾಸೋದ್ಯಮ ಬೆಳೆದಿದೆ. ಕಲಬುರಗಿ ನಗರ ಆಳಂದದಿಂದ ಸುಮಾರು 40 ಕಿಲೋಮೀಟರ್. ನಗರದ ಮಕ್ಕಳಿಗೆ ಸೀತನಿ ತಿನ್ನಿಸಿ ನಮ್ಮ ರೈತರಿಗೂ ನಾಲ್ಕು ಕಾಸು ಬಂದರೆ ಅದರಲ್ಲಿ ತಪ್ಪೇನಿಲ್ಲ. ಆದರೆ ಮೊದಲು ಊರಿನ ಮಕ್ಕಳು ತಿನ್ನಲಿ.

ಸಂಜೆಯನ್ನೂ ಬಿಡಬಾರದು. ಅಮಾವಾಸ್ಯೆಯ ರಾತ್ರಿ ಚಂದ್ರನಿಲ್ಲ, ಚಳಿಗಾಲದ ಒಣಗಾಳಿಯಲ್ಲಿ ಆಕಾಶ ಶುಭ್ರ. ಡಿಸೆಂಬರ್ ಕೊನೆಗೆ ರಾತ್ರಿ ಎಂಟರ ಹೊತ್ತಿಗೆ ಪೂರ್ವಕ್ಕೆ ಮುಖ ಮಾಡಿ ನಿಂತರೆ ಸಾಲಾದ ಮೂರು ಚುಕ್ಕೆಗಳ ಮಹಾವ್ಯಾಧ ಮೇಲೇರಿರುತ್ತದೆ, ಅದರ ತಲೆಯ ಕಡೆ ಮೃಗಶಿರಾ, ಇನ್ನೂ ಮೇಲೆ ಕೆಂಪಗೆ ರೋಹಿಣಿ, ಅದರಾಚೆ ಗೊಂಚಲಾಗಿ ಕೃತ್ತಿಕೆ. ಮಾರ್ಗಶಿರ ಮಾಸದ ಹುಣ್ಣಿಮೆ ಚಂದ್ರ ಮೃಗಶಿರೆಯ ಹತ್ತಿರ ಇರುವುದರಿಂದಲೇ ತಿಂಗಳಿಗೆ ಆ ಹೆಸರು. ಅಜ್ಜಂದಿರು ಮಳೆ ನಕ್ಷತ್ರಗಳೆಂದು ರೋಹಿಣಿ, ಮೃಗಶಿರೆಯ ಹೆಸರು ಹೇಳುತ್ತಾರೆ, ಮಕ್ಕಳು ಆ ನಕ್ಷತ್ರಗಳನ್ನು ನೋಡಿರುವುದಿಲ್ಲ. ಮಳೆಗಾಲದಲ್ಲಿ ನೋಡಲು ಬಾರದು, ಆಗ ಸೂರ್ಯನೇ ಅವುಗಳ ಜತೆ ಇರುತ್ತಾನೆ. ನೋಡಬೇಕಾದರೆ ಚಳಿಗಾಲವೇ ಆಗಬೇಕು.

ಈ ಎಲ್ಲದಕ್ಕೂ ಜ್ಞಾನಿಗಳು ಬೇಕಿಲ್ಲ. ಅಮೆರಿಕದ ರೇಚಲ್ ಕಾರ್ಸನ್ 1956ರಲ್ಲಿ ತಂದೆತಾಯಿಗಳಿಗಾಗಿ ಬರೆದ ಪ್ರಬಂಧವೊಂದರಲ್ಲಿ ಇದನ್ನೇ ಒತ್ತಿ ಹೇಳಿದ್ದರು. ಮಗುವಿನ ಬೆರಗು ಉಳಿಯಲು ಜತೆಗೆ ಬೆರಗುಪಡುವ ಒಬ್ಬ ದೊಡ್ಡವರಿದ್ದರೆ ಸಾಕು, ಹೆಸರುಗಳೆಲ್ಲ ಗೊತ್ತಿರಬೇಕಾಗಿಲ್ಲ ಎಂಬುದು ಅದರ ತಿರುಳು. ನಮ್ಮ ಅರಣ್ಯ ಇಲಾಖೆಯ ಚಿಣ್ಣರ ವನ ದರ್ಶನ ಒಳ್ಳೆಯ ಕಾರ್ಯಕ್ರಮ, ಹಳ್ಳಿ ಶಾಲೆಯ ಮಕ್ಕಳು ಕಾಡು ನೋಡಿ ಬರುತ್ತಾರೆ. ಚಿಂಚೋಳಿಯ ವನ್ಯಧಾಮ ನಮ್ಮ ಜಿಲ್ಲೆಯಲ್ಲೇ ಇದೆ. ಆದರೆ ಮಕ್ಕಳು ಮಾತ್ರ ಹೋಗಿ ಬಂದರೆ ಮನೆಯಲ್ಲಿ ಆ ಮಾತು ಮುಂದುವರಿಯುವುದಿಲ್ಲ. ಎಳ್ಳಮಾವಾಸ್ಯೆಯಲ್ಲಿ ಅಜ್ಜಿ, ಅವ್ವ, ಕಾಕಾ ಎಲ್ಲ ಜತೆಗಿರುತ್ತಾರೆ. ಮಗು ಕೇಳಿದ್ದಕ್ಕೆ ಯಾರೋ ಒಬ್ಬರ ಹತ್ತಿರ ಉತ್ತರ ಇರುತ್ತದೆ.

ಎರಡು ತೊಡಕುಗಳನ್ನು ಮುಚ್ಚಿಡಬಾರದು. ಮೊದಲನೆಯದು ಹೆಣ್ಣುಮಕ್ಕಳ ದುಡಿಮೆ. ಎಳ್ಳಮಾವಾಸ್ಯೆಯ ಅಡಿಗೆ ಬೆಳಕು ಹರಿಯುವ ಮೊದಲೇ ಶುರುವಾಗುತ್ತದೆ. ರೊಟ್ಟಿ ತಟ್ಟುವುದು, ಹೋಳಿಗೆ, ಕಡಬು, ಭಜ್ಜಿ, ಹಿಂಡಿ, ಆಮೇಲೆ ಬುಟ್ಟಿ ಹೊರುವುದು, ಬಡಿಸುವುದು, ಬಂದ ಮೇಲೆ ಪಾತ್ರೆ. ಭಾನುವಾರದ ಹೊಲದ ತಿರುಗಾಟಕ್ಕೂ ಇಷ್ಟೇ ಅಡಿಗೆ ಬೇಕೆಂದರೆ ಅದು ಎರಡನೆಯ ವಾರಕ್ಕೆ ನಿಂತುಹೋಗುತ್ತದೆ, ನಿಲ್ಲುವುದೇ ನ್ಯಾಯ. ಕಟಕ ರೊಟ್ಟಿ, ಶೇಂಗಾ ಹಿಂಡಿ, ಮಜ್ಜಿಗೆ ಕಟ್ಟಿಕೊಂಡರೆ ಸಾಕು. ಸೀತನಿ ಸುಡುವುದು ಹೇಗೂ ಗಂಡಸರ ಕೆಲಸ. ಅವ್ವ ಬೇವಿನ ನೆರಳಿನಲ್ಲಿ ಕಾಲು ಚಾಚಿ ಕೂತು ಹೊಲ ನೋಡುವ ಒಂದು ಬೆಳಿಗ್ಗೆ ಅವಳಿಗೂ ಸಿಗಬೇಕು.

ಎರಡನೆಯದು ಹೊಲ ಇಲ್ಲದವರದು. ಈ ದಿನ ಹೊಲವಿಲ್ಲದವರನ್ನೂ ಊಟಕ್ಕೆ ಕರೆಯುವ ರೂಢಿ ಇದೆ, ಅದು ಈ ಸೀಮೆಯ ದೊಡ್ಡತನ. ಆದರೆ ಕರೆಸಿಕೊಂಡು ಹೋಗುವುದಕ್ಕೂ ತನ್ನದೆಂದು ಹೋಗುವುದಕ್ಕೂ ವ್ಯತ್ಯಾಸವಿದೆ. ಕೂಲಿಯ ಮನೆಯ ಮಗುವಿಗೆ ಹೊಲದ ಪರಿಚಯ ಬಹಳ ಸಲ ಹೊಲದೊಡೆಯನ ಮಗುವಿಗಿಂತ ಹೆಚ್ಚೇ ಇರುತ್ತದೆ, ಕೆಲಸ ಮಾಡಿ ಕಲಿತದ್ದು ಅದು. ಅಂಥ ಮಗು ಗುಂಪಿನಲ್ಲಿ ಕಲಿಸುವ ಜಾಗದಲ್ಲಿ ನಿಲ್ಲಬೇಕು. ಆದ್ದರಿಂದ ತಿರುಗಾಟ ಒಬ್ಬರ ಹೊಲದಲ್ಲಿ ಅಲ್ಲ, ಊರಿನ ಗೈರಾಣದಲ್ಲಿ, ಹಳ್ಳದ ದಂಡೆಯಲ್ಲಿ, ಕೆರೆಯ ಏರಿಯ ಮೇಲೆ ನಡೆಯಲಿ. ಬಾರೆಹಣ್ಣು, ಗೀಜಗನ ಹಳೆಯ ಗೂಡು, ಇರುವೆಯ ಹುತ್ತ ಎಲ್ಲ ಸಿಗುವುದು ಅಲ್ಲಿಯೇ.

ಬೆಳೆಯೂ ಬದಲಾಗುತ್ತಿದೆ. ಕಬ್ಬು ಹೆಚ್ಚಿದ ಕಡೆ ಜೋಳ ಕಡಿಮೆಯಾಗಿದೆ. ಬರೀ ತೊಗರಿ ಹಾಕಿದ ಹೊಲದಲ್ಲಿ ಎಳ್ಳಮಾವಾಸ್ಯೆ ತಡವಾಗಿ ಬಂದ ವರ್ಷ ಯಂತ್ರ ಆಗಲೇ ರಾಶಿ ಮಾಡಿ ಹೋಗಿರುತ್ತದೆ, ಪೂಜೆಗೆ ಪೈರೇ ಇರುವುದಿಲ್ಲ. ರೈತನಿಗೆ ಲಾಭ ಎಲ್ಲಿದೆಯೋ ಅದನ್ನು ಬೆಳೆಯುತ್ತಾನೆ, ಅದನ್ನು ಆಕ್ಷೇಪಿಸುವ ಹಕ್ಕು ಯಾರಿಗೂ ಇಲ್ಲ. ಬದುವಿನ ಬದಿ ನಾಲ್ಕು ಸಾಲು ಜೋಳ, ಒಂದು ಸಾಲು ಕುಸುಬೆ ಮನೆಯವರಿಗೆಂದು ಉಳಿಸಿಕೊಳ್ಳುವುದು ಮಾತ್ರ ಹೆಚ್ಚಿನವರ ಕೈಯಳತೆಯಲ್ಲೇ ಇದೆ.

ಎಚ್ಚರಿಕೆಯ ನಾಲ್ಕು ಮಾತು ಹೇಳದೆ ಮಕ್ಕಳನ್ನು ಹೊಲಕ್ಕೆ ಕಳಿಸುವಂತಿಲ್ಲ. ತೊಗರಿ, ಕಡಲೆಗೆ ಕೀಡಿಯ ಔಷಧಿ ಹೊಡೆಯುವ ಕಾಲ ಇದೇ. ಹೊಲದ ಯಜಮಾನರನ್ನು ಕೇಳದೆ ಹಸಿಕಾಯಿ ಕಿತ್ತು ಬಾಯಿಗೆ ಹಾಕಬಾರದು. ಔಷಧಿಯ ಖಾಲಿ ಬಾಟಲಿ ಬದುವಿನಲ್ಲಿ ಬಿದ್ದಿದ್ದರೆ ಮಕ್ಕಳು ಮುಟ್ಟದಂತೆ ನೋಡಿಕೊಳ್ಳಬೇಕು. ಕಟ್ಟೆಯಿಲ್ಲದ ಬಾವಿಗಳ ಹತ್ತಿರ ದೊಡ್ಡವರು ಕಾವಲು ನಿಲ್ಲಬೇಕು. ಚಳಿಯಲ್ಲಿ ಹಾವು ಕಾಣುವುದಿಲ್ಲ ಎಂಬುದು ತಪ್ಪು ತಿಳಿವಳಿಕೆ. ಬೆಳಗಿನ ಬಿಸಿಲು ಕಾಯಿಸಲು ಕೊಳಕುಮಂಡಲ ಬದುವಿಗೆ ಬಂದಿರುತ್ತದೆ, ಆದ್ದರಿಂದ ಮುಚ್ಚಿದ ಚಪ್ಪಲಿ ಅಥವಾ ಬೂಟು ಬೇಕು, ಕಲ್ಲು ಎತ್ತುವ ಮೊದಲು ಕೋಲಿನಿಂದ ತಟ್ಟಬೇಕು. ಕಚ್ಚಿದರೆ ಮಂತ್ರ, ಗಿಡಮೂಲಿಕೆ ಎಂದು ಹೊತ್ತು ಕಳೆಯದೆ ಸರ್ಕಾರಿ ಆಸ್ಪತ್ರೆಗೆ ಓಡಬೇಕು. ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಮಕ್ಕಳನ್ನು ತುಂಬಿಕೊಂಡು ಹೋಗುವುದನ್ನು ಹಬ್ಬದ ದಿನವೂ ಮಾಡಬಾರದು. ದಮ್ಮಿನ ತೊಂದರೆ ಇರುವ ಮಗುವಿಗೆ ಬೆಳಗಿನ ಮಂಜು ಕರಗಿದ ಮೇಲೆ ಹೊರಡುವುದು ಒಳ್ಳೆಯದು, ರಾಶಿಯ ದೂಳಿನಿಂದ ದೂರ ಇರಿಸಬೇಕು.

ಜನವರಿ ಎಂದರೆ ಪರೀಕ್ಷೆಯ ತಯಾರಿ, ಹೊಲ ಸುತ್ತಲು ಹೊತ್ತೆಲ್ಲಿ ಎಂಬುದು ಶಾಲೆಗಳ ಮಾತು. ಹೊತ್ತು ನೀತಿಯಲ್ಲೇ ಇದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಆರರಿಂದ ಎಂಟನೆಯ ತರಗತಿಯ ಮಕ್ಕಳಿಗೆ 10 ದಿನ ಬ್ಯಾಗಿಲ್ಲದೆ ಕಲಿಯುವ ಅವಕಾಶ ಹೇಳಿದೆ. ನೀತಿಯ ಮೇಲಿನ ರಾಜಕೀಯ ಜಗಳ ಏನೇ ಇರಲಿ, ಬ್ಯಾಗಿಲ್ಲದ ದಿನದ ಕಲ್ಪನೆಯನ್ನು ಯಾರೂ ವಿರೋಧಿಸಬೇಕಾಗಿಲ್ಲ. ಅವುಗಳಲ್ಲಿ ನಾಲ್ಕನ್ನು ಡಿಸೆಂಬರ್, ಜನವರಿಗೆ ಹಾಕಿ, ತಂದೆತಾಯಿಗಳನ್ನೂ ಕರೆದರೆ ಆಯಿತು. ಊರಮಟ್ಟದಲ್ಲಿ ಹಿಡಿಯಲು ಇನ್ನೊಂದು ದಾರಿಯಿದೆ. ನಮ್ಮ ಗ್ರಾಮ ಪಂಚಾಯಿತಿಗಳು ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಸಬೇಕು, ಅದು ಸಾಮಾನ್ಯವಾಗಿ ನವೆಂಬರಿನ ಸುತ್ತಮುತ್ತ ನಡೆಯುತ್ತದೆ. ಶೌಚಾಲಯ, ಬಸ್ಸು, ಆಟದ ಮೈದಾನ ಕೇಳುವ ಮಕ್ಕಳು ಚಳಿಗಾಲದ ನಾಲ್ಕು ಭಾನುವಾರಗಳನ್ನೂ ಕೇಳಲಿ. ಪಂಚಾಯಿತಿಯ ಗ್ರಂಥಾಲಯ ಈಗ ಅರಿವು ಕೇಂದ್ರವಾಗಿದೆ. ಅಲ್ಲಿ ಒಂದು ದಪ್ಪ ನೋಟ್‌ಬುಕ್ಕು, ಒಂದು ಅಳತೆ ಟೇಪು, ಎರಡು ದುರ್ಬೀನು ಇಟ್ಟರೆ ಸಾಕು. 2025ರ ಡಿಸೆಂಬರ್ 19ರಂದು ಜೋಳ ಎಷ್ಟೆತ್ತರ ಇತ್ತು ಎಂದು ಈಗ ಹಿರಿಯರನ್ನು ಕೇಳಿ ಅಂದಾಜಿನಲ್ಲಿ ಬರೆಯಬಹುದು. 2027ರ ಜನವರಿ 7ರಂದು ಮಕ್ಕಳೇ ಟೇಪು ಹಿಡಿದು ಅಳೆದು ಅದರ ಪಕ್ಕಕ್ಕೆ ಬರೆಯಲಿ, ಆ ದಿನ ಕಂಡ ಹಕ್ಕಿಗಳ ಹೆಸರನ್ನೂ, ಹೆಸರು ತಿಳಿಯದಿದ್ದರೆ ಬಣ್ಣ ಮತ್ತು ಗಾತ್ರವನ್ನೂ.